'ನಾನು ಎಸ್ ಅಂತೆ, ಮೇಡಂ'

ಸಲಹೆ ಕೇಳಲು ನನ್ನ ಹತ್ತಿರ ಬಂದು ಕೂತ ತಕ್ಷಣ ಅವರು ಬ್ಯಾಗಿನಿಂದ ಒಂದು ಪ್ಲಾಸ್ಟಿಕ್ ಫೋಲ್ಡರ್ ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರ್ ಮುಂದೆ ಬ್ಲಡ್ ರಿಪೋರ್ಟ್ ಇಡ್ತಾರಲ್ಲ, ಹಾಗೆ.

"ನಾನು ಎಸ್ ಅಂತೆ, ಮೇಡಂ. ಇದಕ್ಕೆ ಏನಾದ್ರೂ ಮಾಡಕ್ಕಾಗತ್ತಾ?"

ಇವರನ್ನು ಸುಧಾ ಅಂತ ಕರೆಯೋಣ. ಹೆಸರು, ಊರು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆದದ್ದನ್ನು ಅವರಿಗೆ ಓದಿಸಿ, ಒಪ್ಪಿಗೆ ಪಡೆದಿದ್ದೇನೆ. ವಯಸ್ಸು 37, ಹಾಸನದ ಕಡೆಯವರು. ಬೆಂಗಳೂರಿನ ಒಂದು ಬಟ್ಟೆ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿ 11 ವರ್ಷದಿಂದ ಇದ್ದಾರೆ. ಎರಡು ತಿಂಗಳಿಂದ ಎದೆಯುರಿ. ರಾತ್ರಿ ಮೂರಕ್ಕೆ ಎಚ್ಚರ ಆದರೆ ಮತ್ತೆ ನಿದ್ದೆ ಇಲ್ಲ.

ಕತೆ ಶುರುವಾದದ್ದು ಆಫೀಸಿನ ಅರ್ಧ ದಿನದ ಟ್ರೈನಿಂಗಿನಿಂದ. ಬಂದವರು ಎಲ್ಲರಿಗೂ ಒಂದು ಹಾಳೆ ಹಂಚಿದರು. ಅದರಲ್ಲಿ 24 ಸಾಲು, ಒಂದೊಂದು ಸಾಲಲ್ಲಿ ನಾಲ್ಕು ಇಂಗ್ಲಿಷ್ ಪದ. ಪ್ರತಿ ಸಾಲಲ್ಲೂ ನಿಮಗೆ ತುಂಬಾ ಹೊಂದುವ ಒಂದಕ್ಕೆ, ಒಂಚೂರೂ ಹೊಂದದ ಇನ್ನೊಂದಕ್ಕೆ ಗುರುತು ಹಾಕಬೇಕು. ಕೂಡಿ ಕಳೆದರೆ ಒಂದು ಗ್ರಾಫ್, ಗ್ರಾಫಿನಿಂದ ಒಂದು ಅಕ್ಷರ. ಇದು ಡಿಸ್ಕ್ ಎನ್ನುವ ಸ್ವಭಾವ ಪರೀಕ್ಷೆ. ಡಿ ಅಂದರೆ ಮುನ್ನುಗ್ಗುವವರು. ಐ ಅಂದರೆ ಮಾತಲ್ಲೇ ಜನರನ್ನು ಒಲಿಸುವವರು. ಎಸ್ ಅಂದರೆ ತಾಳ್ಮೆಯಿಂದ ಒಂದೇ ಸಮ ಹೋಗುವವರು. ಸಿ ಅಂದರೆ ಲೆಕ್ಕ, ನಿಯಮ, ಅಚ್ಚುಕಟ್ಟು. ಸುಧಾ ಅವರ ಎಸ್ ಗೋಪುರದ ಹಾಗೆ ನಿಂತಿತ್ತು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಎಸ್‌ನವರಿಗೆಲ್ಲ ಒಂದೊಂದು ಹಸಿರು ಕಾರ್ಡ್ ಕೊಟ್ಟು, ಕಂಪ್ಯೂಟರ್ ಮೇಲೆ ಅಂಟಿಸಿಕೊಳ್ಳಿ ಅಂದರಂತೆ. ಮಾರನೇ ದಿನ ಮ್ಯಾನೇಜರ್ ಒಂದು ಫೈಲ್ ಇಡುತ್ತಾ ಆ ಕಾರ್ಡ್ ನೋಡಿ, "ಯು ಆರ್ ಎಸ್, ನೋ? ಯು ವೋಂಟ್ ಸೇ ನೋ" ಅಂತ ನಕ್ಕರು. ತಮಾಷೆಗೇ ಅಂದದ್ದು. ಆದರೆ ಅಲ್ಲಿಂದಾಚೆ ಯಾರ ಕೆಲಸ ಉಳಿದರೂ ಇವರ ಮೇಜಿಗೆ ಬರತೊಡಗಿತು. ಟೀಮ್ ಲೀಡ್ ಜಾಗ ಖಾಲಿಯಾದಾಗ, "ಲೀಡ್‌ಗೆ ಡಿ ಇರೋರು ಬೇಕು" ಅಂತ ನಾಲ್ಕು ವರ್ಷ ಕಿರಿಯರೊಬ್ಬರಿಗೆ ಕೊಟ್ಟರು.

"ಅದಕ್ಕೂ ಬೇಜಾರಿಲ್ಲ ಮೇಡಂ. ನಾನು ನಿಜವಾಗ್ಲೂ ಹಂಗೇನಾ ಅಂತ ತಲೆ ಕೆಟ್ಟಿದೆ. ಊರಲ್ಲಿ ನಾನು ಬೇರೆನೇ."

ಊರಲ್ಲಿ ಹೇಗೆ ಅಂತ ಕೇಳಿದೆ. ಅಲ್ಲಿಯವರೆಗೆ ಮೇಜು ನೋಡಿಕೊಂಡು ಮಾತಾಡುತ್ತಿದ್ದವರು ತಲೆ ಎತ್ತಿದರು. ಅಪ್ಪ ತೀರಿಕೊಂಡ ಮೇಲೆ ಜಮೀನಿನ ವ್ಯವಹಾರ ಇವರದೇ. ಎರಡು ವರ್ಷದ ಹಿಂದೆ ಬೋರ್‌ವೆಲ್ ಕೊರೆಸಿದರು. ಅಡಿ ಲೆಕ್ಕದಲ್ಲಿ ಮೋಸ ಆಗುತ್ತದೆ ಅಂತ ಯಾರೋ ಹೇಳಿದ್ದರು. ಲಾರಿಯ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಿವಿಗೆ ಹತ್ತಿ ತುರುಕಿಕೊಂಡು, ರಾತ್ರಿಯೆಲ್ಲ ಕೂತು, ರಾಡ್ ಒಳಗೆ ಹೋದಂತೆಲ್ಲ ಅಮ್ಮನ ಔಷಧಿ ಚೀಟಿಯ ಹಿಂದೆ ಗೀಟು ಎಳೆದಿದ್ದಾರೆ. ಒಂದು ರಾಡ್ ಅಂದ್ರೆ 20 ಅಡಿ. ಬೆಳಿಗ್ಗೆ ಏಜೆಂಟ್ 30 ರಾಡ್, 600 ಅಡಿ ಅಂದ. ಇವರು ಚೀಟಿ ತೋರಿಸಿದರು. 27 ಗೀಟು. "ಅರವತ್ತು ಅಡಿ ಎಲ್ಲಣ್ಣ? ತೋರ್ಸು ಬಾ, ಹಗ್ಗ ಇಳಿಸೋಣ" ಅಂದರಂತೆ. ಏಜೆಂಟ್ 540ಕ್ಕೇ ದುಡ್ಡು ತಗೊಂಡು ಹೋದ.

ಇದನ್ನು ಹೇಳುವಾಗ ಅವರ ದನಿಯೇ ಬೇರೆ ಇತ್ತು.

ನನ್ನ ಹತ್ತಿರ ಈ ಥರದ ವರದಿಗಳ ಕೆಲವು ಮಾದರಿ ಇವೆ. ಒಂದನ್ನು ತೆಗೆದು ಡಿ ಸ್ವಭಾವದ ವಿವರಣೆಯನ್ನು ಕನ್ನಡದಲ್ಲಿ ಹೇಳಿದೆ, ಯಾವ ಅಕ್ಷರದ್ದು ಅಂತ ಹೇಳಲಿಲ್ಲ. ಗುರಿ ಹಿಡಿದರೆ ಬಿಡುವುದಿಲ್ಲ, ನಿಧಾನ ಮಾಡುವವರನ್ನು ಕಂಡರೆ ಆಗುವುದಿಲ್ಲ, ಸುತ್ತಿಬಳಸಿ ಮಾತಾಡುವುದಿಲ್ಲ. "ಹೌದು ಮೇಡಂ, ಇದು ನಾನೇ" ಅಂದರು. ಆಮೇಲೆ ಸಿ ವಿವರಣೆ ಹೇಳಿದೆ. "ಇದೂ ನಾನೇ ಅಲ್ವಾ?"

ಮಾಡಿದ್ದನ್ನು ತಕ್ಷಣ ಒಪ್ಪಿಕೊಂಡೆ. ಇದು ಹಳೆಯ ಆಟ. 1948ರಲ್ಲಿ ಬರ್ಟ್ರಂ ಫೋರರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ತಮ್ಮ 39 ವಿದ್ಯಾರ್ಥಿಗಳಿಗೆ ಪರೀಕ್ಷೆ ಮಾಡಿ, 'ಇದು ನಿನ್ನೊಬ್ಬನ ಸ್ವಭಾವ' ಅಂತ ಒಂದೊಂದು ಹಾಳೆ ಕೊಟ್ಟರು. ಎಷ್ಟು ಸರಿಯಿದೆ ಅಂತ 5ಕ್ಕೆ ಅಂಕ ಕೇಳಿದರು. ಸರಾಸರಿ 4 ದಾಟಿತು. ಎಲ್ಲರ ಕೈಯಲ್ಲಿದ್ದದ್ದು ಒಂದೇ ಬರಹ. ಅದರ ಬಹುಪಾಲು ಸಾಲುಗಳನ್ನು ಅವರು ತೆಗೆದದ್ದು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ. ನಮ್ಮಲ್ಲೂ 'ಮಖಾ ನಕ್ಷತ್ರ, ಹಠ ಜಾಸ್ತಿ' ಅಂದರೆ ಹೌದೌದು ಅಂತೇವಲ್ಲ. ಹಠ ಮಾಡದ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿದೆಯೋ ನಾನಂತೂ ಕಂಡಿಲ್ಲ.

ಹಾಗಂತ ಅವರ ಹಾಳೆಯನ್ನು ಬುಟ್ಟಿಗೆ ಹಾಕಿ ಅನ್ನಲಿಲ್ಲ. ಫೋರರ್ ಕೊಟ್ಟದ್ದು ಎಲ್ಲರಿಗೂ ಒಂದೇ ಬರಹ. ಇಲ್ಲಿ ಕನಿಷ್ಠ ಇವರೇ ಹಾಕಿದ ಗುರುತುಗಳಿವೆ. "ವರದಿ ಬೇಡ, ನೀವು ತುಂಬಿದ ಮೂಲ ಹಾಳೆ ಇದೆಯಾ?" ಅಂದೆ. ಫೋಲ್ಡರಿನ ಕೊನೆಯಲ್ಲಿತ್ತು.

ಪೆನ್ಸಿಲ್ಲಿನಲ್ಲಿ ತುಂಬಿದ್ದರು. ಕಿಟಕಿಯ ಬೆಳಕಿಗೆ ಹಿಡಿದರೆ ಏಳು ಸಾಲಲ್ಲಿ ರಬ್ಬರ್ ಉಜ್ಜಿದ ಗುರುತು. ಒಂದು ಕಡೆ 'ಔಟ್‌ಸ್ಪೋಕನ್' ಅನ್ನುವುದಕ್ಕೆ ಮೊದಲು ಹೊಂದುತ್ತದೆ ಅಂತ ಹಾಕಿ, ಅಳಿಸಿ, ಅದಕ್ಕೇ ಹೊಂದುವುದಿಲ್ಲ ಅಂತ ಹಾಕಿದ್ದರು.

"ಇಲ್ಲಿ ಯಾಕೆ ಅಳಿಸಿದ್ರಿ?"

"ಸರ್ ಪಕ್ಕದ ಟೇಬಲ್ಲಲ್ಲೇ ಕೂತಿದ್ರು." ಸ್ವಲ್ಪ ಹೊತ್ತು ಬಿಟ್ಟು, "ಅದೂ ಅಲ್ದೆ, ಔಟ್‌ಸ್ಪೋಕನ್ ಅಂದ್ರೆ ಬಾಯಿ ಜೋರು ಅಂತ ಅಲ್ವಾ ಮೇಡಂ? ಹೆಣ್ಮಕ್ಕಳು ಅದಕ್ಕೆ ಟಿಕ್ ಹಾಕ್ತಾರಾ?"

ಏಳೂ ಸಾಲುಗಳನ್ನು ಒಂದೊಂದಾಗಿ ಕೇಳಿದೆ. ಐದರಲ್ಲಿ ಅಳಿಸಿದ್ದು ಗಟ್ಟಿತನ ಹೇಳುವ ಪದ, ಬದಲಿಗೆ ಹಾಕಿದ್ದು 'ಅಡ್ಜಸ್ಟ್' ಆಗುವಂಥ ಪದ. ಇಂಥ ಹಾಳೆಯಲ್ಲಿ ಒಂದಕ್ಕೆ ಗುರುತು ಹಾಕಿದರೆ ಆ ಸಾಲಿನ ಉಳಿದವು ಸೋತ ಹಾಗೆ. ಐದು ಸಾಲು ಆ ಕಡೆ ವಾಲಿದರೆ ಎಸ್ ಏರಲೇಬೇಕು, ಡಿ ಇಳಿಯಲೇಬೇಕು. ಇದೇ ಕಾರಣಕ್ಕೆ ಪಕ್ಕದ ಮೇಜಿನವರ ಎಸ್ ಕಮ್ಮಿ ಬಂದಿದೆ, ಆದ್ದರಿಂದ ಅವರಿಗಿಂತ ನಿಮಗೆ ತಾಳ್ಮೆ ಜಾಸ್ತಿ ಅಂತ ಹೋಲಿಸಲೂ ಬರುವುದಿಲ್ಲ. ಪೈಪೋಟಿ ನಡೆಯುವುದು ಒಬ್ಬರೊಳಗಿನ ನಾಲ್ಕು ಅಕ್ಷರಗಳ ನಡುವೆ.

ಎರಡನೇ ಭೇಟಿಯಲ್ಲಿ ಅವರಿಗೆ ಈ ಅಕ್ಷರಗಳ ಹುಟ್ಟಿನ ಕತೆ ಹೇಳಿದೆ. ಸುಮ್ನೆ ಪಾಠ ಮಾಡಲು ಅಲ್ಲ, ಅದರಲ್ಲಿ ಇವರಿಗೆ ಬೇಕಾದ ಒಂದು ಕೀಲಿ ಇತ್ತು. ಮೂಲ ವಿಚಾರ ವಿಲಿಯಂ ಮೌಲ್ಟನ್ ಮಾರ್ಸ್ಟನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರದು, 1928ರದು. ಅವರು ಪ್ರಶ್ನಾವಳಿ ಮಾಡಿದವರಲ್ಲ, ಅದನ್ನು ಆಮೇಲೆ ಬೇರೆಯವರು ಮಾಡಿದರು. (1941ರಲ್ಲಿ ವಂಡರ್ ವುಮನ್ ಪಾತ್ರವನ್ನು ಹುಟ್ಟುಹಾಕಿದ್ದೂ ಇದೇ ಮಾರ್ಸ್ಟನ್. ಇದನ್ನು ಕೇಳಿ ಸುಧಾ ನನ್ನ ಕೋಣೆಯಲ್ಲಿ ಮೊದಲ ಸಲ ನಕ್ಕರು.) ಈಗ ಎಸ್ ಅಂದರೆ ಸ್ಟೆಡಿನೆಸ್ ಅನ್ನುತ್ತಾರೆ. ಮಾರ್ಸ್ಟನ್ ಇಟ್ಟಿದ್ದ ಹೆಸರು ಸಬ್‌ಮಿಷನ್, ಅಂದರೆ ಮಣಿಯುವುದು.

ಅವರ ಲೆಕ್ಕದಲ್ಲಿ ಈ ನಾಲ್ಕೂ ಮನುಷ್ಯನ ಜಾತಿಗಳಲ್ಲ. ಎದುರಿಗಿರುವುದನ್ನು ನೀವು ಹೇಗೆ ಕಾಣುತ್ತೀರಿ ಅನ್ನುವುದರ ಮೇಲೆ ನಡೆ ಬದಲಾಗುತ್ತದೆ. ಅದು ನನ್ನ ಕಡೆಯದೋ, ನನ್ನ ವಿರುದ್ಧದ್ದೋ? ಅದಕ್ಕಿಂತ ನನ್ನ ಬಲ ಜಾಸ್ತಿಯೋ ಕಮ್ಮಿಯೋ? ವಿರುದ್ಧ ಇದೆ, ಆದರೆ ನಾನೇ ಬಲಶಾಲಿ ಅನ್ನಿಸಿದರೆ ಮುನ್ನುಗ್ಗುತ್ತೀರಿ. ಬೋರ್‌ವೆಲ್ ಏಜೆಂಟ್ ಮುಂದೆ ಆದದ್ದು ಅದು. ಎದುರಿಗಿರುವುದು ನನಗಿಂತ ದೊಡ್ಡದು ಅನ್ನಿಸಿದರೆ ಮಣಿಯುತ್ತೀರಿ. ಅದರಲ್ಲೂ ಎರಡು ಬಗೆ. ನನ್ನವರು ಅನ್ನುವ ನಂಬಿಕೆಯಿಂದ ಮಣಿದರೆ ಅದು ಎಸ್. ಎದುರಾಳಿ ಅಂತ ಹೆದರಿ ಮಣಿದರೆ ಅದು ಸಿ, ಮಾರ್ಸ್ಟನ್ ಮಾತಲ್ಲಿ ಕಂಪ್ಲಯನ್ಸ್. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಬಾಯಿಂದ ಬರುವುದು 'ಓಕೆ ಸರ್' ಅಂತಲೇ.

"ನಿಮ್ಮ ಓಕೆ ಸರ್ ಯಾವುದು, ಸುಧಾ?"

ಅವರು ತುಂಬಾ ಹೊತ್ತು ಮಾತಾಡಲಿಲ್ಲ. ಫ್ಯಾನ್ ಸದ್ದು ಕೇಳುತ್ತಿತ್ತು. ಆಮೇಲೆ ಹೇಳಿದ್ದು ನಾನು ಊಹಿಸಿದ್ದಲ್ಲ. ಮ್ಯಾನೇಜರ್ ಕಂಡರೆ ಅಂಥ ಭಯ ಇಲ್ಲವಂತೆ. ಅವರು ಬೇರೆ ರಾಜ್ಯದವರು, ಮೀಟಿಂಗ್ ಎಲ್ಲ ಇಂಗ್ಲಿಷಲ್ಲಿ. "ಆಗಲ್ಲ ಸರ್, ಯಾಕಂದ್ರೆ ಅಂತ ತಲೇಲಿ ಕನ್ನಡದಲ್ಲಿ ರೆಡಿ ಇರತ್ತೆ ಮೇಡಂ. ಇಂಗ್ಲಿಷಿಗೆ ಮಾಡೋಷ್ಟರಲ್ಲಿ ಅವರು ಮುಂದೆ ಹೋಗಿರ್ತಾರೆ. ಓಕೆ ಸರ್ ಒಂದೇ ಥಟ್ ಅಂತ ಬರೋದು." ಭಯ ಇದ್ದದ್ದು ತಪ್ಪು ಇಂಗ್ಲಿಷ್ ಮಾತಾಡಿ ಹತ್ತು ಜನರ ಮುಂದೆ ನಗೆಪಾಟಲಾಗುವುದಕ್ಕೆ.

ಅವರ ಎಸ್‌ನಲ್ಲಿ ಎಷ್ಟು ಭಾಗ ಸ್ವಭಾವ, ಎಷ್ಟು ಭಾಗ ಬರೀ ಭಾಷೆ?

ಕಂಪನಿಯ ಹಾಳೆಯನ್ನು ನಕಲು ಮಾಡುವ ಹಾಗಿಲ್ಲ. ಅದಕ್ಕೆ ನಾನೇ ಕನ್ನಡದ ಪದ ಹಾಕಿ 12 ಸಾಲು ಬರೆದೆ. ಸಮಾಧಾನಿ, ಗಟ್ಟಿಗಿತ್ತಿ, ಮಾತುಗಾತಿ, ಲೆಕ್ಕ ತಪ್ಪದವಳು, ಹೀಗೆ. ಇದು ಪರೀಕ್ಷೆ ಅಲ್ಲ, ಅಂಕ ಇಲ್ಲ, ಮಾತಿಗೆ ಒಂದು ನೆಪ ಅಷ್ಟೇ ಅಂತ ಮೊದಲೇ ಹೇಳಿದೆ. ಒಂದು ಪ್ರತಿಯನ್ನು ಆಫೀಸ್ ನೆನೆದು, ಇನ್ನೊಂದನ್ನು ಊರ ಮನೆ ನೆನೆದು ತುಂಬಲಿ, ಮೂರನೆಯದನ್ನು ತಂಗಿ ಇವರ ಬಗ್ಗೆ ತುಂಬಲಿ ಅಂದೆ. ಗಟ್ಟಿಗಿತ್ತಿ ಪದಕ್ಕೆ ಊರಿನ ಹಾಳೆಯಲ್ಲಿ ಒತ್ತಿ ಟಿಕ್ ಹಾಕಿದ್ದರು, ಪೆನ್ನಿನಲ್ಲಿ. ಡಾಮಿನೆಂಟ್ ಅಂದರೆ ಓಡಿಹೋಗುವವರು ಗಟ್ಟಿಗಿತ್ತಿ ಅಂದರೆ ಎದೆಯುಬ್ಬಿಸುತ್ತಾರೆ. ತಂಗಿ ಸಮಾಧಾನಿಗೆ 'ಒಂಚೂರೂ ಅಲ್ಲ' ಅಂತ ಹಾಕಿ ಪಕ್ಕದಲ್ಲಿ ಬರೆದಿದ್ದಳು: "ಅಕ್ಕ ಸಮಾಧಾನಿನಾ? ಯಾರ್ ಹೇಳಿದ್ದು?" ಆದರೆ ಮೂರೂ ಹಾಳೆಯಲ್ಲಿ ಬದಲಾಗದ ಒಂದಿತ್ತು: ಲೆಕ್ಕ ತಪ್ಪದವಳು. ರಾತ್ರಿಯೆಲ್ಲ ರಾಡ್ ಎಣಿಸಿದವರು, ಅಲ್ವಾ?

ಸಲಹೆ ಕೊಟ್ಟದ್ದು ಆ ಗುಣದ ಮೇಲೆ ನಿಂತೇ. ಧೈರ್ಯ ಮಾಡಿ ಅಂತ ಹೇಳಲಿಲ್ಲ. ಎಣಿಸಿ ಅಂದೆ. ಸಣ್ಣ ನೋಟ್‌ಬುಕ್ಕಲ್ಲಿ ಪ್ರತಿ 'ಓಕೆ ಸರ್'ಗೂ ಒಂದು ಗೀಟು. ಮನಸಾರೆ ಅಂದರೆ ಪಕ್ಕದಲ್ಲಿ ಮ, ಬಾಯಿ ಕಟ್ಟಿ ಅಂದರೆ ಬ. ತಿಂಗಳ 5ರಿಂದ 20ರವರೆಗೆ ಬರೆದರು. 23 ಗೀಟು, ಅದರಲ್ಲಿ 14 ಬ. ತಾರೀಕು ನೋಡಿದರೆ 14ರಲ್ಲಿ 11 ನಾಲ್ಕೇ ದಿನಗಳ ಆಸುಪಾಸು ಬಿದ್ದಿದ್ದವು. ಎಲ್ಲವೂ ಅಕೌಂಟ್ಸ್‌ನವರ ಗಡುವಿನ ದಿನಗಳು: 7 ಟಿಡಿಎಸ್ (ಮೂಲದಲ್ಲೇ ಹಿಡಿದ ತೆರಿಗೆ) ಕಟ್ಟುವ ದಿನ, 11 ಜಿಎಸ್‌ಟಿಆರ್-1 (ಮಾರಾಟದ ಜಿಎಸ್‌ಟಿ ವಿವರ), 15 ನೌಕರರ ಪಿಎಫ್ ಮತ್ತು ಇಎಸ್‌ಐ ಹಣ, 20 ಜಿಎಸ್‌ಟಿಆರ್-3ಬಿ (ಜಿಎಸ್‌ಟಿ ಲೆಕ್ಕ ಕೊಟ್ಟು ತೆರಿಗೆ ಕಟ್ಟುವುದು). ಉಳಿದ ದಿನ ಕೆಲಸ ಜಾಸ್ತಿ ಬಂದರೂ ಅವರಿಗೆ ಅಷ್ಟು ಕಷ್ಟ ಇರಲಿಲ್ಲ. ಸಹಾಯ ಮಾಡುವುದು ಅವರಿಗೆ ನಿಜಕ್ಕೂ ಇಷ್ಟ. ಆ ಮಟ್ಟಿಗೆ ಹಾಳೆಯ ಎಸ್ ಸುಳ್ಳಲ್ಲ.

ಆ ನಾಲ್ಕು ದಿನಕ್ಕೆ ಮಾತ್ರ ದಾರಿ ಹುಡುಕಿದೆವು. ಮೀಟಿಂಗಿನಲ್ಲಿ ಹೇಳಲು ಮೂರೇ ಪದ: 'ವಿಲ್ ಚೆಕ್, ಸರ್.' ಅರ್ಧ ಗಂಟೆಯೊಳಗೆ ಮೇಲ್. ಬರೆಯುವುದರಲ್ಲಿ ಅವರಿಗೆ ತೊಡಕಿಲ್ಲ. ಮೇಲ್‌ನಲ್ಲಿ ಆಗಲ್ಲ ಅನ್ನುವುದು ಬೇಡ. ಇದನ್ನು ಮಾಡುತ್ತೇನೆ, ಆಗ ಅದು ಗುರುವಾರಕ್ಕೆ ಹೋಗುತ್ತದೆ, ಯಾವುದು ಮೊದಲು ಬೇಕು ಹೇಳಿ, ಅಷ್ಟೇ. ಮೊದಲ ಪ್ರಯತ್ನ ಕೆಟ್ಟಿತು. ರಾತ್ರಿ ಹನ್ನೊಂದಕ್ಕೆ ಕೂತು 11 ವರ್ಷದ ಸಂಕಟವನ್ನೆಲ್ಲ ನಾಲ್ಕು ಪ್ಯಾರಾ ಬರೆದಿದ್ದರು. ಪುಣ್ಯಕ್ಕೆ ಮೊದಲು ನನಗೆ ಕಳಿಸಿದರು. ಮೂರು ಸಾಲು ಉಳಿಸಿ ಬಾಕಿಯನ್ನು ನೋಟ್‌ಬುಕ್ಕಿಗೆ ಹಾಕಿಸಿದೆ. ಉತ್ತರ ಎರಡು ನಿಮಿಷದಲ್ಲಿ ಬಂತು: 'ಜಿಎಸ್‌ಟಿ ಫಸ್ಟ್.' ಅವರಿಗೆ ಖುಷಿಗಿಂತ ಸಿಟ್ಟೇ ಬಂದಿತ್ತು. "ಇಷ್ಟೇನಾ ಮೇಡಂ? ಇಷ್ಟಕ್ಕೆ ನಾನು ಎದೆ ಸುಟ್ಕೊಂಡಿದ್ದಾ?"

ಎದೆಯುರಿಯನ್ನು ನಾನು ಮನಸ್ಸಿನ ಖಾತೆಗೆ ಹಾಕಿಬಿಡಲಿಲ್ಲ. ಡಾಕ್ಟರ್ ಹತ್ತಿರ ಕಳಿಸಿದೆ. ದಿನಕ್ಕೆ ಏಳು ಲೋಟ ಕಾಫಿ, ಮಧ್ಯಾಹ್ನದ ಊಟ ಮೂರೂವರೆಗೆ. ಅದರ ಪಾಲೂ ಇತ್ತು.

ಟೀಮ್ ಲೀಡ್ ವಿಷಯದಲ್ಲಿ ಜಗಳ ಬೇಡ, ಬರಹದಲ್ಲಿ ಕೇಳಿ ಅಂದೆ: ಆಯ್ಕೆಗೆ ಏನೇನು ನೋಡುತ್ತೀರಿ, ನಾನು ಏನು ತೋರಿಸಬೇಕು? ಇಂಥ ಪ್ರಶ್ನಾವಳಿ ಮಾರುವ ದೊಡ್ಡ ಪ್ರಕಾಶಕರೇ ನೇಮಕಾತಿಯ ಸೋಸುವಿಕೆಗೆ ಇದನ್ನು ಬಳಸಬೇಡಿ ಅನ್ನುತ್ತಾರೆ. ಬಡ್ತಿಗೂ ಅದೇ ಮಾತು ಸಲ್ಲುತ್ತದೆ ಅಂತ ನನ್ನ ಅಭಿಪ್ರಾಯ. ನಾನೂ ಒಂದು ಕಾಲದಲ್ಲಿ ಈ ಅಕ್ಷರಗಳನ್ನು ಧಾರಾಳವಾಗಿ ಹಂಚಿದವಳೇ. ಒಬ್ಬ ಗಂಡನಿಗೆ ನೀವು ಡಿ ಅಂದೆ. ಮುಂದಿನ ವಾರ ಹೆಂಡತಿ ಒಬ್ಬರೇ ಬಂದು, "ಈಗ ಏನಂದ್ರೂ 'ನಾನು ಡಿ, ಮೇಡಮ್ಮೇ ಹೇಳಿದಾರೆ' ಅಂತಾರೆ" ಅಂದರು. ಆಮೇಲೆ ಕೈ ಬಿಗಿ ಮಾಡಿದೆ.

ಹಸಿರು ಕಾರ್ಡನ್ನು ತೆಗೀಲಾ ಅಂತ ಸುಧಾ ಕೇಳಿದ್ದರು. ನಿಮ್ಮಿಷ್ಟ ಅಂದಿದ್ದೆ. ತೆಗೆಯಲಿಲ್ಲ. ತಿರುಗಿಸಿ ಅಂಟಿಸಿ, ಬಿಳಿ ಬದಿಯಲ್ಲಿ 7, 11, 15, 20 ಅಂತ ಬರೆದುಕೊಂಡಿದ್ದಾರೆ.

ಆಯ್ಕೆಯ ಬಗ್ಗೆ ಕೇಳಿದ ಪತ್ರಕ್ಕೆ ಇನ್ನೂ ಉತ್ತರ ಬಂದಿಲ್ಲ. ಮತ್ತೆ ನೆನಪಿಸಬೇಕೋ, ಬೇರೆ ಕಡೆ ಅರ್ಜಿ ಹಾಕಬೇಕೋ ಅಂತ ಮುಂದಿನ ಭೇಟಿಯಲ್ಲಿ ಮಾತಾಡಬೇಕು. ಅದು ಏಪ್ರಿಲ್‌ಗೇ. ಮಾರ್ಚ್ ಮುಗಿಯುವವರೆಗೆ ಅವರಿಗೆ ಪುರುಸೊತ್ತಿಲ್ಲವಂತೆ.