ರೈಲಿನಿಂದ ಇಳಿದವರ ಬಗ್ಗೆ ಬರೆಯಿರಿ

ಸಾಗರದ ಬರಹಗಾರ ಮಿತ್ರರಿಗೆ ನಮಸ್ಕಾರ.

‘ಕೊಂಕಣ ರೈಲು: ಕರಾವಳಿ ಪ್ರವಾಸದ ಇತಿಹಾಸ’ ಎಂಬ ನಿಮ್ಮ ಲೇಖನವನ್ನು ಪೂರ್ತಿ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು. ಆದರೆ ದಯವಿಟ್ಟು ವಿಷಯವನ್ನು ಕೈಬಿಡಬೇಡಿ. ಘಟ್ಟದ ಮೇಲಿನ ಕಣ್ಣುಗಳಿಂದ ಇದನ್ನು ಯಾರಾದರೂ ಬರೆಯಬೇಕೆಂದು ನನಗೆ ಬಹಳ ಆಸೆಯಿದೆ.

ಶೀರ್ಷಿಕೆಯಲ್ಲಿರುವ ಇತಿಹಾಸ ಒಳಗೆ ಇಲ್ಲ. ಹಸಿರು, ಮಂಜು, ಸುರಂಗ, ಮತ್ತೆ ಹಸಿರು. ಯಾರು ಆ ರೈಲು ಹತ್ತಿದರು, ಏತಕ್ಕೆ ಹತ್ತಿದರು, ಎಲ್ಲಿ ಇಳಿದರು ಎಂಬುದು ಒಂದು ಕಡೆಯೂ ಬರುವುದಿಲ್ಲ. ಇದ್ದ ಒಂದೆರಡು ಮಾಹಿತಿಯೂ ತಪ್ಪು. ‘ಬ್ರಿಟಿಷರು ಹಾಕಿದ ಹಳಿ’ ಎಂದಿದ್ದೀರಿ. ಕೊಂಕಣ ರೈಲ್ವೆ ನಿಗಮ ಹುಟ್ಟಿದ್ದೇ 1990ರಲ್ಲಿ, ಜಾರ್ಜ್ ಫರ್ನಾಂಡಿಸ್ ರೈಲ್ವೆ ಸಚಿವರಾಗಿದ್ದಾಗ. ಎಂಜಿನಿಯರ್ ಇ. ಶ್ರೀಧರನ್ ಆಗ ಅದರ ಮುಂದಾಳು. ಮಂಗಳೂರು–ಉಡುಪಿ ನಡುವೆ 1993ರಲ್ಲಿ ರೈಲು ಓಡಿತು. ಮಹಾರಾಷ್ಟ್ರದ ರೋಹಾದಿಂದ ಮಂಗಳೂರು ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಪೂರ್ತಿ ತೆರೆದದ್ದು 1998ರ ಜನವರಿಯಲ್ಲಿ. ಮುಂಬೈಗೂ ಮಂಗಳೂರು, ಕೇರಳಗಳಿಗೂ ದೂರ ಕಡಿಮೆ ಮಾಡುವುದು ಅದರ ಉದ್ದೇಶ. ಪ್ರವಾಸೋದ್ಯಮ ಆಮೇಲೆ ಬೆಳೆದದ್ದು, ಹೇಗೆ ಬೆಳೆಯಿತು ಎಂಬುದೇ ನಿಮ್ಮ ಲೇಖನದ ಹುರುಳಾಗಬೇಕಿತ್ತು.

‘ದಾರಿಯುದ್ದಕ್ಕೂ ಅಲೆಗಳು ಹಳಿಗೆ ಬಡಿಯುತ್ತವೆ’ ಎಂಬ ವಾಕ್ಯವನ್ನು ಹೊಡೆದುಹಾಕಿ. ಆ ಹಳಿಯ ಬಹುಭಾಗ ಸಮುದ್ರದಿಂದ ಒಳಗೆ ಸಾಗುತ್ತದೆ. ಕಡಲು ಕಾಣುವುದು ಅಪರೂಪ. ಕಾಣುವುದು ನದಿಗಳು: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇಡೀ ಮಾರ್ಗದ ಅತಿ ಉದ್ದದ ಸೇತುವೆ ಇರುವುದು ಹೊನ್ನಾವರದಲ್ಲಿ, ಎರಡು ಕಿಲೋಮೀಟರಿಗೂ ಹೆಚ್ಚು, ನಮ್ಮದೇ ಶರಾವತಿಯ ಮೇಲೆ. ಜೋಗದಲ್ಲಿ ಧುಮುಕಿದ ನೀರು ಕಡಲು ಸೇರುವ ಮುನ್ನ ಆ ಸೇತುವೆಯ ಕೆಳಗೆ ಹರಿಯುತ್ತದೆ. ಸಾಗರದವರಾದ ನೀವು ಇದನ್ನು ಒಂದು ಸಾಲಿನಲ್ಲೂ ಹೇಳದಿರುವುದು ನನಗೆ ನಿಜಕ್ಕೂ ಬೇಸರ ತಂದಿತು.

ಬೈಂದೂರಿಗೆ ಹೋಗಿ. ನಿಲ್ದಾಣದ ಹೆಸರೇ ‘ಮೂಕಾಂಬಿಕಾ ರಸ್ತೆ ಬೈಂದೂರು’. ಕೇರಳದ ಯಾತ್ರಿಕರು ಅಲ್ಲಿ ಇಳಿದು ಕೊಲ್ಲೂರಿಗೆ ಹೋಗುತ್ತಾರೆ. ನಾವು ನಾಗೋಡಿ ಘಾಟಿ ಇಳಿದು ತಲುಪುವ ಕೊಲ್ಲೂರಿಗೆ ಅವರು ಕೆಳಗಿನಿಂದ ಬರುತ್ತಾರೆ. ಅವರಲ್ಲಿ ಕೆಲವರು ಅಲ್ಲಿಗೇ ನಿಲ್ಲದೆ ಘಟ್ಟ ಹತ್ತಿ ಸಿಗಂದೂರಿಗೂ ಜೋಗಕ್ಕೂ ಬರುತ್ತಾರೆ. 2025ರಲ್ಲಿ ಸೇತುವೆ ಆಗುವವರೆಗೆ ಸಿಗಂದೂರಿನಿಂದ ಸಾಗರದ ಕಡೆಗೆ ಶರಾವತಿ ಹಿನ್ನೀರು ದಾಟಲು ಲಾಂಚ್ ಹತ್ತಬೇಕಿತ್ತು. ಕರಾವಳಿಯ ರೈಲು ಮಲೆನಾಡಿಗೆ ತಂದ ಜನ ಇವರು. ಕೊಲ್ಲೂರಿನ ವಸತಿಗೃಹದವರನ್ನು, ಬೈಂದೂರಿನ ಆಟೋ, ಜೀಪು ಚಾಲಕರನ್ನು, ರೈಲು ಬರುವ ಮೊದಲು ಬಸ್ಸಿನಲ್ಲೇ ಮುಂಬೈಗೆ ಹೋಗಿಬರುತ್ತಿದ್ದ ಹಿರಿಯರನ್ನು ಕೇಳಿ. ಅವರ ಮಾತು ನಿಮ್ಮ ಮೂರು ಪುಟದ ವರ್ಣನೆಗಿಂತ ಹೆಚ್ಚು ಹೇಳುತ್ತದೆ.

ಐಷಾರಾಮಿ ಪ್ರವಾಸಿ ರೈಲು ಡೆಕ್ಕನ್ ಒಡಿಸ್ಸಿ, 2017ರಲ್ಲಿ ದಾದರ್–ಮಡಗಾಂವ್ ರೈಲಿಗೆ ಸೇರಿದ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ, ಇವಕ್ಕೆ ಒಂದೊಂದು ವಾಕ್ಯ ಸಾಕು.

ಮಳೆಯ ಭಾಗವನ್ನು ಮಾತ್ರ ಬುಡದಿಂದ ಮತ್ತೆ ಬರೆಯಬೇಕು. ನಿಮಗೆ ಮಳೆ ಬರೀ ವೈಭವವಾಗಿ ಕಂಡಿದೆ. ಧರೆ ಕುಸಿಯುವುದು ಎಂದರೆ ಏನೆಂದು ಮಲೆನಾಡಿನವರಿಗೆ ಬೇರೆ ಹೇಳಬೇಕಿಲ್ಲ. 2003ರ ಜೂನ್‌ನಲ್ಲಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ರಜಾಕಾಲದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಬಳಿ, ಹಳಿಗೆ ಉರುಳಿದ್ದ ಬಂಡೆಗಳಿಗೆ ಬಡಿದು ಹಳಿ ತಪ್ಪಿತು. 50ಕ್ಕೂ ಹೆಚ್ಚು ಜನ ಸತ್ತರು. ರಜೆ ಮುಗಿಸಿ ಮನೆಗೆ ಹೊರಟವರನ್ನು ಬಿಟ್ಟು ಈ ಮಾರ್ಗದ ಪ್ರವಾಸದ ಇತಿಹಾಸ ಬರೆಯುವುದು ಸರಿಯಲ್ಲ. ಮಳೆಗಾಲಕ್ಕೆ ಅಲ್ಲಿ ಬೇರೆಯೇ ವೇಳಾಪಟ್ಟಿ ಇರುವುದು, ರೈಲುಗಳ ವೇಗ ತಗ್ಗುವುದು, ಕಡಿದ ಧರೆಗಳಿಗೆ ಉಕ್ಕಿನ ಬಲೆ ಹೊದಿಸಿರುವುದು, ಗಸ್ತಿನವರು ಹಳಿಯ ಮೇಲೆ ನಡೆಯುವುದು ಎಲ್ಲವೂ ಲೇಖನದಲ್ಲಿ ಬರಲಿ. ಜನ ನೋಡಲು ಹಂಬಲಿಸುವ ಕಾಲ, ರೈಲಿಗೆ ಅತಿ ಕಷ್ಟದ ಕಾಲ ಎರಡೂ ಒಂದೇ. ಲೇಖನದ ನಿಜವಾದ ಸೆಳೆತ ಅಲ್ಲಿದೆ.

ತಾಳಗುಪ್ಪದ ರೈಲ್‌ಬಸ್ (ಹಳಿಯ ಮೇಲೆ ಓಡುತ್ತಿದ್ದ ಬಸ್ಸಿನಂಥ ಪುಟ್ಟ ಗಾಡಿ) ಬಗ್ಗೆ ನೀವು ಬರೆದ ಪ್ಯಾರಾ ಚೆನ್ನಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ತೆಗೆದಿಡಿ, ಅದನ್ನು ಪ್ರತ್ಯೇಕ ಲೇಖನವಾಗಿ ಬೆಳೆಸಿ ಕಳಿಸಿದರೆ ಸಂತೋಷದಿಂದ ಓದುತ್ತೇನೆ. ಕೊಂಕಣ ರೈಲಿನ ಲೇಖನ 1,200 ಪದ ದಾಟದಿರಲಿ. ಯಾರೊಂದಿಗೆ ಮಾತನಾಡಿದಿರಿ ಎಂಬುದನ್ನು ಲೇಖನದೊಳಗೇ ಹೇಳಿ. ಮಳೆಗಾಲ ಹಿಡಿಯುವ ಮೊದಲು ಬೈಂದೂರಿಗೆ ಒಮ್ಮೆ, ಹೊನ್ನಾವರಕ್ಕೆ ಒಮ್ಮೆ ಹೋಗಿಬಂದು ಕಳಿಸಿ.