ಸರ್ವರ್ ಬೂಟ್ ಆಗುತ್ತದೆ, ಒಳಗೆ ಮಾತ್ರ ಬಿಡುವುದಿಲ್ಲ

ಈ ಬಾರಿಯ ಮೂರು ಪ್ರಶ್ನೆಗಳೂ ಲಿನಕ್ಸ್ ಕಂಪ್ಯೂಟರಿನಲ್ಲಿ ಕೆವಿಎಂ (ಒಂದೇ ಯಂತ್ರದೊಳಗೆ ಹಲವು ಯಂತ್ರ ಓಡಿಸುವ ಲಿನಕ್ಸ್‌ನ ವ್ಯವಸ್ಥೆ) ಬಳಸಿ ವರ್ಚುವಲ್ ಸರ್ವರ್ ಮಾಡುವುದರ ಬಗ್ಗೆ. ಕಮಾಂಡ್‌ಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಿ.

ಪ್ರಶ್ನೆ: 16 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪ್‌ಗೆ ಉಬುಂಟು ಹಾಕಿದ್ದೇನೆ. ಅಭ್ಯಾಸಕ್ಕೆ ನಾಲ್ಕು ಸರ್ವರ್ ಬೇಕು. ಐಎಸ್‌ಒದಿಂದ ಒಂದೊಂದನ್ನೇ ಇನ್‌ಸ್ಟಾಲ್ ಮಾಡಿ ಸಾಕಾಯಿತು. ಕ್ಲೌಡ್ ಇಮೇಜ್ (ಮೊದಲೇ ಇನ್‌ಸ್ಟಾಲ್ ಆಗಿರುವ ಡಿಸ್ಕ್ ಫೈಲ್) ಇಳಿಸಿಕೊಂಡು ನೋಡಿದೆ. ಬೂಟ್ ಆಗಿ ಲಾಗಿನ್ ಕೇಳುತ್ತದೆ, ಯಾವ ಪಾಸ್‌ವರ್ಡ್ ಕೊಟ್ಟರೂ ಒಪ್ಪುವುದಿಲ್ಲ. ಡೀಫಾಲ್ಟ್ ಪಾಸ್‌ವರ್ಡ್ ಏನು?

ಉತ್ತರ: ಡೀಫಾಲ್ಟ್ ಪಾಸ್‌ವರ್ಡ್ ಎಂಬುದೇ ಅದರಲ್ಲಿಲ್ಲ. ಎಲ್ಲರೂ ಇಳಿಸಿಕೊಳ್ಳುವ ಇಮೇಜಿಗೆ ಒಂದೇ ಪಾಸ್‌ವರ್ಡ್ ಇಟ್ಟರೆ ಅಪಾಯವೆಂದು ಬೇಕೆಂದೇ ಹಾಗೆ ಮಾಡಿದ್ದಾರೆ. ಮೊದಲ ಬೂಟ್‌ನಲ್ಲಿ ಕ್ಲೌಡ್-ಇನಿಟ್ ಎಂಬ ಪ್ರೋಗ್ರಾಂ ನೀವು ಕೊಟ್ಟ ಫೈಲನ್ನು ಓದಿ ಬಳಕೆದಾರರ ಕೀ, ಹೋಸ್ಟ್‌ನೇಮ್ ಎಲ್ಲವನ್ನೂ ಹೊಂದಿಸುತ್ತದೆ. ಫೈಲ್ ಕೊಡದಿದ್ದರೆ ಸರ್ವರ್ ಎದ್ದು ನಿಲ್ಲುತ್ತದೆ, ಬಾಗಿಲು ಮಾತ್ರ ತೆರೆಯುವುದಿಲ್ಲ. ನಿಮಗೆ ಆಗಿರುವುದು ಇದೇ.

ಮೊದಲು ಸಿಪಿಯು-ಚೆಕರ್ ಪ್ಯಾಕೇಜ್ ಹಾಕಿ ಕೆವಿಎಂ-ಓಕೆ ಎಂದು ಕೊಡಿ. ಕೆವಿಎಂ ಬಳಸಲು ಆಗುವುದಿಲ್ಲ ಎಂದು ಬಂದರೆ ಬಯಾಸ್‌ಗೆ ಹೋಗಿ ಇಂಟೆಲ್‌ನಲ್ಲಿ ವಿಟಿ-ಎಕ್ಸ್, ಎಎಂಡಿಯಲ್ಲಿ ಎಸ್‌ವಿಎಂ ಆನ್ ಮಾಡಿ. ಆಮೇಲೆ ಕ್ಯೂಇಎಂಯು-ಕೆವಿಎಂ, ಲಿಬ್‌ವರ್ಟ್-ಡೀಮನ್-ಸಿಸ್ಟಮ್, ವರ್ಟ್‌ಇನ್‌ಸ್ಟ್ ಪ್ಯಾಕೇಜ್‌ಗಳನ್ನು ಹಾಕಿ, ನಿಮ್ಮ ಹೆಸರನ್ನು ಲಿಬ್‌ವರ್ಟ್ (ವರ್ಚುವಲ್ ಸರ್ವರ್‌ಗಳನ್ನು ನೋಡಿಕೊಳ್ಳುವ ಪ್ರೋಗ್ರಾಂ) ಗ್ರೂಪಿಗೆ ಸೇರಿಸಿ. ಒಮ್ಮೆ ಲಾಗೌಟ್ ಆಗಿ ಬರದಿದ್ದರೆ ಗ್ರೂಪಿನ ಬದಲಾವಣೆ ಲೆಕ್ಕಕ್ಕೆ ಬರುವುದಿಲ್ಲ.

ಇಮೇಜನ್ನು ಡೌನ್‌ಲೋಡ್ಸ್ ಫೋಲ್ಡರಿನಲ್ಲೇ ಬಿಡಬೇಡಿ, /ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್‌ಗೆ ಕಾಪಿ ಮಾಡಿ. ಉಬುಂಟು 21.04ರಿಂದ ಹೋಂ ಫೋಲ್ಡರಿನ ಅನುಮತಿ 750. ಸರ್ವರ್ ಓಡಿಸುವ ಲಿಬ್‌ವರ್ಟ್-ಕ್ಯೂಇಎಂಯು ಎಂಬ ಬಳಕೆದಾರ ಅದರೊಳಗೆ ಕಾಲಿಡಲಾರ, ಸರ್ವರ್ ಶುರುವಾಗುವ ಮೊದಲೇ 'ಪರ್ಮಿಷನ್ ಡಿನೈಡ್' ಬರುತ್ತದೆ. ಆ ಫೈಲಿಗೆ 777 (ಎಲ್ಲರಿಗೂ ಪೂರ್ತಿ ಅನುಮತಿ) ಕೊಟ್ಟು ಪ್ರಯೋಜನವಿಲ್ಲ, ತಡೆ ಇರುವುದು ಮೇಲಿನ ಫೋಲ್ಡರಿನಲ್ಲಿ.

ನಾಲ್ಕು ಸರ್ವರ್‌ಗೆ ಇಮೇಜಿನ ನಾಲ್ಕು ಕಾಪಿ ಬೇಕಿಲ್ಲ. ಮೂಲವನ್ನು ತಳದಲ್ಲಿಟ್ಟು ಅದರ ಮೇಲೆ ಕ್ಯೂಕೌ2 ಬಗೆಯ ತೆಳುವಾದ ಡಿಸ್ಕ್ ಫೈಲ್ ಒಂದನ್ನು ಕಟ್ಟಬಹುದು:

ಕ್ಯೂಇಎಂಯು-ಐಎಂಜಿ ಕ್ರಿಯೇಟ್ -ಎಫ್ ಕ್ಯೂಕೌ2 -ಎಫ್ ಕ್ಯೂಕೌ2 -ಬಿ ಮೂಲ.ಐಎಂಜಿ ವೆಬ್1.ಕ್ಯೂಕೌ2 20ಜಿ

ಇದರಲ್ಲಿ ಮೊದಲ ಎಫ್ ಸಣ್ಣಕ್ಷರ, ಎರಡನೆಯದು ದೊಡ್ಡಕ್ಷರ. ದೊಡ್ಡ ಎಫ್ ತಳದ ಇಮೇಜಿನ ಬಗೆಯನ್ನು ಹೇಳುತ್ತದೆ, ಈಗಿನ ಆವೃತ್ತಿಗಳಲ್ಲಿ ಅದನ್ನು ಬಿಟ್ಟರೆ ಕಮಾಂಡ್ ನಡೆಯುವುದೇ ಇಲ್ಲ. ಫೈಲಿನ ಕೊನೆಯಲ್ಲಿ ಐಎಂಜಿ ಎಂದಿದ್ದರೂ ಉಬುಂಟು ಕ್ಲೌಡ್ ಇಮೇಜ್ ಒಳಗೆ ಕ್ಯೂಕೌ2 ಬಗೆಯದೇ. ಮೂಲದ ಪೂರ್ತಿ ದಾರಿಯನ್ನೇ ಕೊಡಿ. ಇನ್ನು ಮುಂದೆ ಮೂಲವನ್ನು ಬೂಟ್ ಮಾಡಬೇಡಿ, ಬದಲಿಸಲೂಬೇಡಿ. ಅದು ಬದಲಾದರೆ ಮೇಲಿನ ನಾಲ್ಕೂ ಡಿಸ್ಕ್ ಕೆಡುತ್ತವೆ. 20 ಜಿಬಿ ಎಂದರೂ ಬರೆದಷ್ಟೇ ಜಾಗ ಹಿಡಿಯುತ್ತದೆ.

ಈಗ ಬಾಗಿಲು ತೆರೆಯುವ ಫೈಲ್, ವೆಬ್1.ಯಾಮಲ್. ನಾವು ಒಳಹೋಗುವುದು ಎಸ್‌ಎಸ್‌ಎಚ್‌ನಿಂದ (ನೆಟ್‌ವರ್ಕ್ ಮೂಲಕ ಲಾಗಿನ್ ಆಗುವ ವಿಧಾನ), ಪಾಸ್‌ವರ್ಡ್ ಬದಲು ನಿಮ್ಮ ಗುರುತಿನ ಪಬ್ಲಿಕ್ ಕೀ ಕೊಡುತ್ತೇವೆ:

#ಕ್ಲೌಡ್-ಕಾನ್ಫಿಗ್
ಹೋಸ್ಟ್‌ನೇಮ್: ವೆಬ್1
ಎಸ್‌ಎಸ್‌ಎಚ್_ಆಥರೈಸ್ಡ್_ಕೀಸ್:
  - (ನಿಮ್ಮ ಪಬ್ಲಿಕ್ ಕೀಯ ಇಡೀ ಸಾಲು)

ಬಹುತೇಕರು ಎಡವುವುದು ಮೊದಲ ಸಾಲಿನಲ್ಲಿ. ಅದು ಕಾಮೆಂಟ್‌ನಂತೆ ಕಾಣುವುದರಿಂದ ಅಳಿಸಿಬಿಡುತ್ತಾರೆ, ಇಲ್ಲವೇ # ಆದಮೇಲೆ ಒಂದು ಸ್ಪೇಸ್ ಕೊಡುತ್ತಾರೆ. ಎರಡರಲ್ಲಿ ಯಾವ ತಪ್ಪಾದರೂ ಉಳಿದ ಫೈಲ್ ಇದ್ದೂ ಇಲ್ಲದಂತೆ. ಸಾಲು ಒಳಸರಿಸಲು ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ.

ಕೊನೆಗೆ:

ವರ್ಟ್-ಇನ್‌ಸ್ಟಾಲ್ --ಕನೆಕ್ಟ್ ಕ್ಯೂಇಎಂಯು:///ಸಿಸ್ಟಮ್ --ನೇಮ್ ವೆಬ್1 --ಮೆಮೊರಿ 2048 --ವಿಸಿಪಿಯುಸ್ 2 --ಡಿಸ್ಕ್ (ವೆಬ್1.ಕ್ಯೂಕೌ2ರ ಪೂರ್ತಿ ದಾರಿ) --ಇಂಪೋರ್ಟ್ --ಓಎಸ್-ವೇರಿಯಂಟ್ ಉಬುಂಟು22.04 --ನೆಟ್‌ವರ್ಕ್ ನೆಟ್‌ವರ್ಕ್=ಡೀಫಾಲ್ಟ್ --ಗ್ರಾಫಿಕ್ಸ್ ನನ್ --ಕ್ಲೌಡ್-ಇನಿಟ್ ಯೂಸರ್-ಡೇಟಾ=ವೆಬ್1.ಯಾಮಲ್

ಲಿಬ್‌ವರ್ಟ್‌ಗೆ ಆದೇಶ ಕೊಡುವ ಕಮಾಂಡ್ ವರ್ಶ್. ಡೀಫಾಲ್ಟ್ ನೆಟ್‌ವರ್ಕ್ ಚಾಲೂ ಇಲ್ಲವೆಂದರೆ ವರ್ಶ್ ನೆಟ್-ಸ್ಟಾರ್ಟ್ ಡೀಫಾಲ್ಟ್, ಅದು ತಾನಾಗಿ ಏಳಬೇಕೆಂದರೆ ವರ್ಶ್ ನೆಟ್-ಆಟೊಸ್ಟಾರ್ಟ್ ಡೀಫಾಲ್ಟ್. ಕನ್ಸೋಲ್ (ಟರ್ಮಿನಲ್‌ನಲ್ಲಿ ಕಾಣುವ ಸರ್ವರ್‌ನ ಪರದೆ) ತೆರೆದಾಗ ಲಾಗಿನ್ ಸಾಲು ಬಂದ ಕೂಡಲೇ ಎಂಟರ್ ಒತ್ತುತ್ತ ಕೂರಬೇಡಿ. ಕ್ಲೌಡ್-ಇನಿಟ್ ಮುಗಿಯಿತು ಎಂಬ ಸಾಲು ಅದಾದ ಮೇಲೆ ಬರಬಹುದು. ಕಂಟ್ರೋಲ್ ಜೊತೆ ] ಒತ್ತಿ ಹೊರಬನ್ನಿ. ವರ್ಶ್ ಡೊಮ್‌ಇಫ್‌ಅಡ್ಡರ್ ವೆಬ್1 ಎಂದರೆ 192.168.122ರಿಂದ ಶುರುವಾಗುವ ಐಪಿ ಸಿಗುತ್ತದೆ. ಆ ಐಪಿಗೆ ಉಬುಂಟು ಎಂಬ ಹೆಸರಿನಲ್ಲಿ ಎಸ್‌ಎಸ್‌ಎಚ್ ಮಾಡಿ.

ಆಗಲೂ ಒಳಗೆ ಬಿಡದಿದ್ದರೆ ಯಾಮಲ್ ತಿದ್ದಿ ರೀಬೂಟ್ ಮಾಡಿ ಫಲವಿಲ್ಲ. ಆ ಫೈಲ್ ಮೊದಲ ಬೂಟ್‌ಗೆ ಮಾತ್ರ ಜೋಡಣೆಯಾಗಿರುತ್ತದೆ. ವರ್ಶ್ ಡಿಸ್ಟ್ರಾಯ್ ವೆಬ್1, ವರ್ಶ್ ಅನ್‌ಡಿಫೈನ್ ವೆಬ್1, ನಂತರ ವೆಬ್1.ಕ್ಯೂಕೌ2 ಅಳಿಸಿ ಮತ್ತೆ ಕಟ್ಟಿ. ತಿದ್ದುವುದಕ್ಕಿಂತ ಇದು ಬೇಗ, ಭರವಸೆಯೂ ಹೆಚ್ಚು. ಡಿಸ್ಟ್ರಾಯ್ ಎಂದರೆ ಪ್ಲಗ್ ಕಿತ್ತಂತೆ, ಡಿಸ್ಕ್ ಅಳಿಸುವುದಿಲ್ಲ. ದಿನನಿತ್ಯ ನಿಲ್ಲಿಸಲು ಶಟ್‌ಡೌನ್ ಬಳಸಿ.

ನಾಲ್ಕಕ್ಕೂ 2 ಜಿಬಿಯಂತೆ 8 ಜಿಬಿ ಆಯಿತು, ಡೆಸ್ಕ್‌ಟಾಪ್‌ಗೆ ಉಳಿದದ್ದು ಸಾಕು. ಶುರುವಿನಲ್ಲಿ ಅಷ್ಟು ಖರ್ಚಾಗಿಲ್ಲವೆಂದು ಇನ್ನೂ ಮೂರ್ನಾಲ್ಕು ಸೇರಿಸಬೇಡಿ. ಸರ್ವರ್ ತಾನು ಬಳಸಿದಾಗಲೇ ಮೆಮೊರಿ ನಿಜವಾಗಿ ಖರ್ಚಾಗುವುದು, ತುಂಬಿದ ದಿನ ಕರ್ನಲ್ ಯಾವುದೋ ಒಂದು ಸರ್ವರನ್ನು ಹೇಳದೆ ಕೇಳದೆ ಕೊಂದುಬಿಡುತ್ತದೆ.

ಪ್ರಶ್ನೆ: ಚೆನ್ನಾಗಿ ಹೊಂದಿಸಿದ ಸರ್ವರ್ ಒಂದನ್ನು ವರ್ಟ್-ಕ್ಲೋನ್‌ನಿಂದ ಕ್ಲೋನ್ ಮಾಡಿದೆ. ಮ್ಯಾಕ್ ವಿಳಾಸ ಬೇರೆ, ಆದರೂ ಎರಡಕ್ಕೂ ಒಂದೇ ಐಪಿ. ಯಾಕೆ?

ಉತ್ತರ: /ಇಟಿಸಿ/ಮೆಷೀನ್-ಐಡಿ ಕೂಡ ಕ್ಲೋನ್ ಆಗಿದೆ. ಉಬುಂಟು ಸರ್ವರ್ ಐಪಿ ಕೇಳುವಾಗ ತನ್ನ ಗುರುತನ್ನು ಆ ಐಡಿಯಿಂದ ಮಾಡಿಕೊಳ್ಳುತ್ತದೆ, ಐಪಿ ಹಂಚುವ ಡಿಎಚ್‌ಸಿಪಿ ಇಬ್ಬರನ್ನೂ ಒಬ್ಬನೆಂದು ನಂಬುತ್ತದೆ. ಕ್ಲೋನ್ ಮಾಡುವ ಮೊದಲು ಮೂಲ ಸರ್ವರ್‌ನಲ್ಲಿ ಟ್ರಂಕೇಟ್ -ಎಸ್ 0 ಕೊಟ್ಟು ಆ ಫೈಲನ್ನು ಖಾಲಿ ಮಾಡಿ, ಅಳಿಸಬೇಡಿ. ಕೂಡಲೇ ಶಟ್‌ಡೌನ್ ಮಾಡಿ ಆಮೇಲೆ ಕ್ಲೋನ್ ಮಾಡಿ. ಮುಂದಿನ ಬೂಟ್‌ನಲ್ಲಿ ಹೊಸ ಐಡಿ ಹುಟ್ಟುತ್ತದೆ. ವರ್ಟ್-ಸಿಸ್‌ಪ್ರೆಪ್ (ಕ್ಲೋನ್‌ಗೆ ಡಿಸ್ಕ್ ಸಿದ್ಧಪಡಿಸುವ ಕಮಾಂಡ್) ಇದನ್ನು ತಾನೇ ಮಾಡುತ್ತದೆ, ಜೊತೆಗೆ ಎಸ್‌ಎಸ್‌ಎಚ್ ಹೋಸ್ಟ್ ಕೀಗಳನ್ನೂ ತೆಗೆಯುತ್ತದೆ. ಉಬುಂಟುವಿನಲ್ಲಿ ಆ ಕೀಗಳು ತಾವಾಗಿ ಮರಳದೆ ಎಸ್‌ಎಸ್‌ಎಚ್ ಏಳದೇ ಹೋಗಬಹುದು. ಆಗ ಕನ್ಸೋಲ್‌ನಿಂದ ಒಳಹೊಕ್ಕು ಸುಡೊ ಎಸ್‌ಎಸ್‌ಎಚ್-ಕೀಜೆನ್ -ಎ ಕೊಟ್ಟು (ಎ ದೊಡ್ಡಕ್ಷರ) ಎಸ್‌ಎಸ್‌ಎಚ್ ಮರುಚಾಲನೆ ಮಾಡಿ. ಕನ್ಸೋಲ್‌ಗೆ ಪಾಸ್‌ವರ್ಡ್ ಬೇಕು, ಕ್ಲೋನ್ ಮಾಡುವ ಮೊದಲೇ ಒಂದು ಇಟ್ಟುಕೊಳ್ಳಿ.

ಪ್ರಶ್ನೆ: ಸರ್ವರ್ ಓಡುತ್ತಿದೆ, ವರ್ಶ್ ಲಿಸ್ಟ್ ಮಾತ್ರ ಖಾಲಿ ತೋರಿಸುತ್ತದೆ.

ಉತ್ತರ: ಲಿಬ್‌ವರ್ಟ್‌ಗೆ ಎರಡು ಮನೆ: ಸಿಸ್ಟಮ್ ಮತ್ತು ಸೆಷನ್. ಒಂದರಲ್ಲಿ ಕಟ್ಟಿದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಸುಡೊ ಹಾಕಿ ಕಟ್ಟಿ, ಸುಡೊ ಇಲ್ಲದೆ ಹುಡುಕಿದರೆ ಹೀಗಾಗುತ್ತದೆ. ವರ್ಶ್ -ಸಿ ಕ್ಯೂಇಎಂಯು:///ಸಿಸ್ಟಮ್ ಲಿಸ್ಟ್ --ಆಲ್ ಎಂದು ನೋಡಿ. ದಿನವೂ ಬೇಕಾದರೆ ಲಿಬ್‌ವರ್ಟ್_ಡೀಫಾಲ್ಟ್_ಯುಆರ್‌ಐ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ (ಎಲ್ಲವೂ ದೊಡ್ಡಕ್ಷರ) ಅದೇ ವಿಳಾಸ ಕೊಟ್ಟು ಬ್ಯಾಶ್‌ಆರ್‌ಸಿಯಲ್ಲಿ (ಟರ್ಮಿನಲ್ ತೆರೆದಾಗ ಓದುವ ಫೈಲ್) ಎಕ್ಸ್‌ಪೋರ್ಟ್ ಮಾಡಿ.