ಮನೋವೈದ್ಯಕೀಯ ನರ್ಸನ್ನು ಹುಡುಕುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ ಸ್ಕಿಜೋಫ್ರೇನಿಯಾ ಇದೆ. ಆಸ್ಪತ್ರೆಯಿಂದ ಬಂದ ಮೇಲೆ ಮಾತ್ರೆ ನುಂಗಲು ಒಪ್ಪುತ್ತಿಲ್ಲ. ಅಮೆರಿಕದಲ್ಲಿರುವ ನಮ್ಮ ಸೋದರಮಾವನ ಮಗಳು, ಅಲ್ಲಿರುವಂತೆ ಮಾನಸಿಕ ಆರೋಗ್ಯದ ‘ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್’ ಒಬ್ಬರನ್ನು ಗೊತ್ತುಮಾಡಿಕೊಳ್ಳಿ ಎನ್ನುತ್ತಾಳೆ. ಹಾಸನದಲ್ಲಿ ಅಂಥವರು ಸಿಗುತ್ತಾರೆಯೇ?
– ಓದುಗರೊಬ್ಬರು, ಬೇಲೂರು ತಾಲ್ಲೂಕು

ಉತ್ತರ: ಆ ಹೆಸರಿನ ಫಲಕವನ್ನು ಹುಡುಕಿ ದಣಿಯಬೇಡಿ. ಅಮೆರಿಕದಲ್ಲಿ ಅವರು ಸ್ನಾತಕೋತ್ತರ ಪದವಿ ಪಡೆದ ನರ್ಸ್‌ಗಳು. ಹಲವು ರಾಜ್ಯಗಳಲ್ಲಿ ಔಷಧಿಯನ್ನೂ ಬರೆದುಕೊಡುತ್ತಾರೆ. ನಮ್ಮಲ್ಲಿಯೂ ಮನೋವೈದ್ಯಕೀಯ ಶುಶ್ರೂಷೆಯಲ್ಲಿ ಎಂ.ಎಸ್ಸಿ. ಮಾಡಿದವರಿದ್ದಾರೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆ ವ್ಯಾಸಂಗವಿದೆ. ಆದರೆ ತಮ್ಮ ವೃತ್ತಿಯ ವ್ಯಾಪ್ತಿಯಲ್ಲಿಲ್ಲದ ಔಷಧಿಯನ್ನು ಯಾರೂ ಸೂಚಿಸಬಾರದೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 106ನೇ ಕಲಂ ಹೇಳುವುದರಿಂದ, ಮಾತ್ರೆಯ ಪ್ರಮಾಣವನ್ನು ತಾವೇ ಬದಲಿಸುತ್ತೇವೆ ಎನ್ನುವ ನರ್ಸನ್ನು ನೇಮಿಸಿಕೊಳ್ಳಬೇಡಿ.

ಮೊದಲು ತಮ್ಮನಿಗೆ ಚಿಕಿತ್ಸೆ ನೀಡಿದ ಮನೋವೈದ್ಯರನ್ನೇ ಕೇಳಿ. ಅಲ್ಲಿ ದಾರಿ ಕಾಣದಿದ್ದರೆ ಹಾಸನದ ಸರ್ಕಾರಿ ವೈದ್ಯಕೀಯ ಕಾಲೇಜಾದ ಹಿಮ್ಸ್ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗದಲ್ಲಿ ವಿಚಾರಿಸಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನೂ ಸಂಪರ್ಕಿಸಿ, ಏಕೆಂದರೆ ಆ ತಂಡದ ರಚನೆಯಲ್ಲಿಯೇ ಮನೋವೈದ್ಯಕೀಯ ನರ್ಸ್ ಹುದ್ದೆಯಿದೆ. ಮನೋಚೈತನ್ಯ ಕಾರ್ಯಕ್ರಮದಡಿ ಮನೋವೈದ್ಯರು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಲ್ಲಿ ನೋಡುವ ವ್ಯವಸ್ಥೆಯಿದೆ. ಬೇಲೂರಿನಲ್ಲಿ ಯಾವ ವಾರ ಬರುತ್ತಾರೆಂದು ಮೊದಲೇ ಕೇಳಿಕೊಳ್ಳಿ.

ಖಾಸಗಿಯಾಗಿ ಯಾರಾದರೂ ಸಿಕ್ಕರೆ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಪತ್ರವನ್ನು ನೋಡಿ. ಅದೊಂದೇ ಸಾಲದು. ಕಾಯ್ದೆಯ ವ್ಯಾಖ್ಯೆಯಲ್ಲಿ ಸಾಮಾನ್ಯ ಶುಶ್ರೂಷೆಯ ಡಿಪ್ಲೊಮಾ ಪಡೆದವರೂ ಮಾನಸಿಕ ಆರೋಗ್ಯ ನರ್ಸ್ ಎನಿಸಿಕೊಳ್ಳಬಹುದಾದ್ದರಿಂದ, ಮನೋವೈದ್ಯಕೀಯ ವಾರ್ಡಿನಲ್ಲಿ ಎಲ್ಲಿ, ಎಷ್ಟು ಕಾಲ ಕೆಲಸ ಮಾಡಿದ್ದಾರೆಂದು ಸಂಕೋಚವಿಲ್ಲದೆ ಕೇಳಿ.

ಒಳ್ಳೆಯ ನರ್ಸ್ ಮಾತ್ರೆಗಾಗಿ ಗದರುವುದಿಲ್ಲ. ಏಕೆ ಬೇಡವೆನ್ನುತ್ತಾನೆಂದು ವಿಚಾರಿಸುತ್ತಾರೆ. ಕೈಕಾಲು ಬಿಗಿಯುವುದು, ನಡುಕ, ಕುಳಿತಲ್ಲಿ ಕೂರಲಾಗದ ಚಡಪಡಿಕೆ, ತೂಕಡಿಕೆ ಇವೆಲ್ಲ ಔಷಧಿಯ ಅಡ್ಡಪರಿಣಾಮಗಳಾಗಿರಬಹುದು. ವೈದ್ಯರಿಗೆ ತಿಳಿಸಿದರೆ ಪರಿಹಾರವೂ ಇರುತ್ತದೆ. ನಿತ್ಯದ ಮಾತ್ರೆ ಸಾಧ್ಯವೇ ಇಲ್ಲವಾದರೆ, ಎರಡರಿಂದ ನಾಲ್ಕು ವಾರಗಳಿಗೊಮ್ಮೆ ಕೊಡುವ ಇಂಜೆಕ್ಷನ್ ಆಗುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅನ್ನದಲ್ಲಿ ಮಾತ್ರೆ ಬೆರೆಸಿ ಕೊಡಬೇಡಿ ಎಂದು ಕಳಕಳಿಯಿಂದ ಹೇಳುತ್ತೇನೆ, ಏಕೆಂದರೆ ಮೊದಲೇ ಸಂಶಯದಿಂದ ನರಳುತ್ತಿರುವವನಿಗೆ ಅದು ತಿಳಿದರೆ ನಿಮ್ಮ ಕೈಯ ಊಟದ ಮೇಲೂ ನಂಬಿಕೆ ಹೋಗುತ್ತದೆ.

ನಿದ್ದೆ ಕಡಿಮೆಯಾಗುವುದು, ಸ್ನಾನ ಬಿಡುವುದು, ಒಬ್ಬನೇ ಮಾತನಾಡುವುದು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮನಸ್‌ನ 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ನಿಮ್ಮ ಸ್ವಂತ ದಣಿವಿನ ಬಗ್ಗೆಯೂ. ಅವನು ಸಾಯುವ ಮಾತನಾಡಿದರೆ ನರ್ಸನ್ನು ಹುಡುಕುತ್ತ ಕೂರದೆ ನೇರವಾಗಿ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ.